ಬೀಗರ ಮನೆಯಿಂದ ಬಂದ ಕುದುರೆ

ಜತ್ತ ತಾಲ್ಲೂಕಿನ ಓದುಗರೊಬ್ಬರ ಪತ್ರ:

"ಸಂಪಾದಕರಿಗೆ ನಮಸ್ಕಾರ. ಗಿಡ್ಡ ಕಾಲಿನ ಗಟ್ಟಿ ಜಾತಿಯ ನನ್ನ ಹೆಣ್ಣು ಕುದುರೆ ಚಂದ್ರಿಯನ್ನು ದಸರೆ ಮುಗಿದ ಮೇಲೆ ಅಥಣಿ ಕಡೆಯ ನಮ್ಮ ಬೀಗರಿಗೆ ಕೊಟ್ಟಿದ್ದೆ. ಕುರಿ ಹಿಂಡಿನ ಜೊತೆ ಹೇರು ಹೊರಲಿಕ್ಕೆ. ಬಾಡಿಗೆ ಮಾತಿಲ್ಲ, ಬೀಗತನದ ಮೇಲೆ ಕೊಟ್ಟದ್ದು. ಯುಗಾದಿ ಆದ ಮೇಲೆ ತಂದು ಕಟ್ಟಿ ಹೋದರು. ಪಕ್ಕೆಲುಬು ಎಣಿಸಬಹುದು. ಬೆನ್ನ ಮೇಲೆ ಅಂಗೈಯಷ್ಟು ಹುಣ್ಣು. ಗೊರಸು ಬೆಳೆದು ಎಡವುತ್ತಾಳೆ. ಕೇಳಿದರೆ 'ಕೊಟ್ಟಾಗಲೇ ಸೊರಗಿತ್ತು' ಅಂತಾರೆ. ಬೀಗರ ತಮ್ಮನ ಮಗ ಅವಳನ್ನು ಮದುವೆ ಮೆರವಣಿಗೆಗೆ ಬಾಡಿಗೆ ಬಿಟ್ಟಿದ್ದನೆಂದು ಈಗ ಗೊತ್ತಾಗಿದೆ. ಮೇವು ಅರ್ಧ ಜಗಿದು ಉಗುಳುವ ಚಾಳಿ ಅವಳಿಗೆ ಎರಡು ವರ್ಷದಿಂದ ಇದೆ, ಅದು ಬೇರೆ ಮಾತು. ದಿನಾ ಎರಡು ಸೇರು ಹುರುಳಿ ಬೇಯಿಸಿ ಹಾಕುತ್ತಿದ್ದೇವೆ. ಪರಿಹಾರ ಕೇಳಬಹುದಾ? ಮಗಳು ಆ ಮನೆಯಲ್ಲಿದ್ದಾಳೆ. ಬಾಯಿ ಮುಚ್ಚಿಕೊಂಡು ಇರಲಾ?"

ಸಂಪಾದಕರ ಉತ್ತರ:

ಕಾಕಾ, ಮೊದಲು ಆ ಹುರುಳಿ ನಿಲ್ಲಿಸಿ. ಬೀಗರ ವಿಷಯ ಆಮೇಲೆ ನೋಡೋಣ.

ಪ್ರೀತಿಯಿಂದಲೇ ಹಾಕುತ್ತಿದ್ದೀರಿ, ಗೊತ್ತು. ಸೊರಗಿದ ದನಕ್ಕೆ ಕಾಳು ಬೇಯಿಸಿ ಹಾಕುವುದು ನಮ್ಮೆಲ್ಲರ ಮನೆಯ ರೂಢಿ. ಆದರೆ ತಿಂಗಳುಗಟ್ಟಲೆ ಹಸಿದ ಕುದುರೆಗೆ ಒಮ್ಮೆಲೇ ಕಾಳು ಸುರಿದರೆ ಅದು ಜೀವಕ್ಕೇ ಕುತ್ತು. ಕಾಳಿನ ಪಿಷ್ಟ ರಕ್ತಕ್ಕೆ ಇಳಿಯುತ್ತದೆ, ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಉಳಿದಿದ್ದ ಚೂರುಪಾರು ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಜೀವಕೋಶದೊಳಗೆ ಹೋಗಿಬಿಡುತ್ತವೆ. ಆಗ ಹೃದಯದ ಬಡಿತವೇ ತಪ್ಪಬಹುದು. ತಿನ್ನಲು ಶುರು ಮಾಡಿದ ಕೆಲವೇ ದಿನಕ್ಕೆ ಕುದುರೆ ಬಿದ್ದು ಸಾಯುವುದು ಹೀಗೆ. "ಇಷ್ಟು ತಿನ್ನಿಸಿದರೂ ಉಳಿಯಲಿಲ್ಲ" ಅಂತ ಮನೆಯವರು ಅಳುತ್ತಾರೆ.

ಅವಳಿಗೆ ಈಗ ಬೇಕಾದದ್ದು ಕುದುರೆ ಮಸಾಲೆ. ಪೇಟೆಯಲ್ಲಿ ಲೂಸರ್ನ್ ಅನ್ನುವ ಸೊಪ್ಪು. ಒಣಗಿಸಿದ್ದು ಸಿಕ್ಕರೆ ಒಳ್ಳೆಯದು. ಸ್ವಲ್ಪ ಸ್ವಲ್ಪ, ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ ದಿನಕ್ಕೆ ಆರು ಸಲ. ಹತ್ತು ದಿನದಲ್ಲಿ ನಿಧಾನಕ್ಕೆ ಏರಿಸಿ. ನೀರು ಯಾವಾಗಲೂ ಮುಂದಿರಲಿ, ಪಕ್ಕದಲ್ಲಿ ಉಪ್ಪಿನ ಗಡ್ಡೆ ಇರಲಿ. ಕಾಳಿನ ಮಾತು ತಿಂಗಳ ಮೇಲೆ, ಅದೂ ವೈದ್ಯರನ್ನು ಕೇಳಿ.

ತೂಕ ಎಷ್ಟು ಅಂತ ತಿಳಿಯಲು ತಕ್ಕಡಿ ಬೇಡ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂತುದಿಯಿಂದ ಪೃಷ್ಠದ ತುದಿವರೆಗೆ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 140, ಉದ್ದ 130 ಇದ್ದರೆ ಸುಮಾರು 214 ಕಿಲೋ. ಪ್ರತಿ ಸೋಮವಾರ ಅಳೆದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯಿರಿ. ಈ ಬರಹ ಮುಂದೆ ಬೀಗರ ಮುಂದೆಯೂ ಕೆಲಸಕ್ಕೆ ಬರುತ್ತದೆ.

ಸೊರಗುವುದಕ್ಕೆ ಹಸಿವೊಂದೇ ಕಾರಣ ಅಂತ ಈಗಲೇ ತೀರ್ಮಾನಿಸಬೇಡಿ. ಹಿಂಡಿನ ಜೊತೆ ಊರೂರು ತಿರುಗಿದ ಕುದುರೆಗೆ ಸರ್ರಾ ಬರಬಹುದು. ಕಚ್ಚುವ ದೊಡ್ಡ ನೊಣಗಳಿಂದ ಹರಡುವ ರಕ್ತದ ರೋಗ ಅದು. ಜ್ವರ ಬಂದು ಹೋಗಿ ಮಾಡುತ್ತದೆ, ಹೊಟ್ಟೆಯ ಅಡಿ ಮತ್ತು ಕಾಲು ಊದುತ್ತವೆ, ತಿಂದರೂ ಮೈ ಹಿಡಿಯುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿ. ಸರ್ರಾ ಇದ್ದರೆ ಮದ್ದಿದೆ, ಆದರೆ ಅದನ್ನು ಬೀಗರ ಜಿಪುಣತನ ಅಂತ ಕರೆಯಲು ಬರುವುದಿಲ್ಲ. ಮೂಗಿನಿಂದ ಅಂಟು ಸೋರಿಕೆ, ಚರ್ಮದಲ್ಲಿ ಗಂಟು ಕಂಡರೆ ಮಾತ್ರ ಅವಳನ್ನು ಬೇರೆ ಕಟ್ಟಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಅದೇ ದಿನ ಸರ್ಕಾರಿ ಪಶು ವೈದ್ಯರಿಗೆ ಹೇಳಿ. ಅದು ಗ್ಲಾಂಡರ್ಸ್ ಅನ್ನುವ ರೋಗ ಇರಬಹುದು, ಮನುಷ್ಯರಿಗೂ ತಗಲುತ್ತದೆ. ಬೆನ್ನ ಹುಣ್ಣಿಗೆ ಟೆಟನಸ್ ಚುಚ್ಚುಮದ್ದು ತಪ್ಪಿಸಬೇಡಿ. ಕುದುರೆಯಷ್ಟು ಬೇಗ ಧನುರ್ವಾಯು ಹಿಡಿಯುವ ಸಾಕುಪ್ರಾಣಿ ಇಲ್ಲ. ಹುಣ್ಣು ಪೂರ್ತಿ ಮಾಯುವ ತನಕ ಜೀನು, ಹೇರು ಯಾವುದೂ ಬೇಡ.

ಈಗ ನಿಮ್ಮ ಜಗಳಕ್ಕೆ ಬರೋಣ. ಕೊಟ್ಟಾಗ ಹೇಗಿತ್ತು ಅನ್ನುವುದೇ ತಕರಾರು, ಅಲ್ವಾ? ನೀವು ಆಗ ಫೋಟೋ ತೆಗೆದಿಲ್ಲ, ಬೀಗರೂ ತೆಗೆದಿಲ್ಲ. ಆದರೆ ಚಂದ್ರಿ ಬರೆದಿಟ್ಟುಕೊಂಡಿದ್ದಾಳೆ.

ನೀವು ಕಳಿಸಿದ ಫೋಟೋವನ್ನು ನಾನು ಭೂತಗನ್ನಡಿ ಹಿಡಿದು ನೋಡಿದೆ. ಬಲ ಮುಂಗಾಲಿನ ಗೊರಸಿಗೆ ಅಡ್ಡಲಾಗಿ ಒಂದು ಉಬ್ಬುಗೆರೆ ಇದೆ. ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನಿಂದ ಎರಡು ಬೆರಳು ಕೆಳಗೆ. ಗೊರಸು ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ, ನಮ್ಮ ಉಗುರಿನ ಹಾಗೆ. ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರು. ಮೇವು ಬದಲಾದಾಗ, ಜ್ವರ ಬಂದಾಗ, ಹಸಿದಾಗ ಆ ಬೆಳವಣಿಗೆ ಏರುಪೇರಾಗಿ ಗೆರೆ ಮೂಡುತ್ತದೆ. ಎರಡು ಬೆರಳು ಅಂದರೆ ಮೂರೂವರೆ ಸೆಂಟಿಮೀಟರು ಅಂತ ಹಿಡಿಯಿರಿ. ಹಾಗಾದರೆ ಆ ಗೆರೆ ಹುಟ್ಟಿ ನಾಲ್ಕು ತಿಂಗಳು ಆಸುಪಾಸು. ಇದು ಏಪ್ರಿಲ್. ನಾಲ್ಕು ತಿಂಗಳ ಹಿಂದೆ ಚಂದ್ರಿ ಬೀಗರ ಹಿಂಡಿನಲ್ಲಿದ್ದಳು. ಅದಕ್ಕಿಂತ ಕೆಳಗಿನ ಗೊರಸು, ಅಂದರೆ ಅದಕ್ಕೂ ಮೊದಲು, ನಿಮ್ಮ ಮನೆಯಲ್ಲಿದ್ದಾಗ ಬೆಳೆದದ್ದೂ ಸೇರಿ, ನುಣ್ಣಗಿದೆ. "ಕೊಟ್ಟಾಗಲೇ ಸೊರಗಿತ್ತು" ಅನ್ನುವ ಮಾತನ್ನು ಆ ಗೊರಸು ಒಪ್ಪುವುದಿಲ್ಲ.

ಇಲ್ಲೊಂದು ಎಚ್ಚರ. ಗೆರೆ ಬಂದ ಮಾತ್ರಕ್ಕೆ ಬೀಗರು ಉಪವಾಸ ಕೆಡವಿದರು ಅಂತಲ್ಲ. ಹಸಿ ಹುಲ್ಲಿನಿಂದ ಕಣಿಕೆಗೆ ಬದಲಾದರೂ ಗೆರೆ ಬೀಳಬಹುದು. ಗೆರೆಗಳು ಮುಂದೆ ಹತ್ತಿರ ಇದ್ದು ಹಿಮ್ಮಡಿ ಕಡೆ ಅಗಲವಾಗುತ್ತಾ ಹೋಗಿದ್ದರೆ ಗೊರಸಿನೊಳಗೇ ಉರಿಯೂತ ಆಗಿದೆ ಅಂತ ಅರ್ಥ. ಅದನ್ನು ವೈದ್ಯರೇ ನೋಡಬೇಕು.

ಹಾಗಂತ ನೀವೂ ಪೂರ್ತಿ ಬಿಡುಗಡೆ ಆಗಲಿಲ್ಲ, ಕಾಕಾ. "ಅದು ಬೇರೆ ಮಾತು" ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಅದೇ ಮುಖ್ಯ ಮಾತು. ಮೇವು ಜಗಿದು ಉಂಡೆ ಮಾಡಿ ಉಗುಳುವುದು ಚಾಳಿಯಲ್ಲ, ಹಲ್ಲುನೋವು. ಕುದುರೆಯ ಹಲ್ಲು ವರ್ಷವರ್ಷ ಮೇಲೇಳುತ್ತಲೇ ಇರುತ್ತದೆ. ಮೇಲಿನ ದವಡೆಯ ಹೊರಗಿನ ಅಂಚು, ಕೆಳಗಿನ ದವಡೆಯ ಒಳಗಿನ ಅಂಚು ಗರಗಸದ ಹಾಗೆ ಚೂಪಾಗಿ ಕೆನ್ನೆ, ನಾಲಿಗೆ ಕೊಯ್ಯುತ್ತವೆ. ಉದ್ದನೆಯ ಅರದಿಂದ ಉಜ್ಜಿ ನುಣುಪು ಮಾಡಿಸಬೇಕು. ಎರಡು ವರ್ಷ ನೀವು ಮಾಡಿಸಲಿಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಮೆತ್ತನೆ ಹುಲ್ಲು ಸಿಗುತ್ತಿತ್ತು, ನಡೆಯಿತು. ಅಲ್ಲಿ ದಾರಿಯುದ್ದಕ್ಕೂ ಒರಟು ಕಣಿಕೆ, ಬೆನ್ನ ಮೇಲೆ ಹೊರಸು, ಪಾತ್ರೆ, ಕಂಬಳಿ, ನಡೆಯಲಾರದ ಕುರಿಮರಿ. ಬೀಗರು ಹಾಕಿದ್ದರಲ್ಲಿ ಅರ್ಧ ಅವಳು ಉಗುಳಿರುತ್ತಾಳೆ. ಕೊಡುವಾಗ ಈ ಮಾತು ಅವರಿಗೆ ಹೇಳಿದ್ದಿರಾ? ಪತ್ರದಲ್ಲಿ ಇಲ್ಲ.

ಕಾನೂನು ಕೇಳಿದ್ದೀರಿ. ಹೇಳಿದರೆ ನಗುತ್ತೀರಿ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಎರವಲಿನ ಅಧ್ಯಾಯ ತೆರೆದರೆ ಕುದುರೆಗಳೇ ಕುದುರೆಗಳು. 154ನೇ ಕಲಮಿನ ಉದಾಹರಣೆ ನಿಮ್ಮ ಬೀಗರ ಮನೆಯನ್ನೇ ನೋಡಿ ಬರೆದಂತಿದೆ. ಒಬ್ಬ ತನ್ನ ಕುದುರೆಯನ್ನು ಇನ್ನೊಬ್ಬನಿಗೆ ಅವನೊಬ್ಬನೇ ಸವಾರಿ ಮಾಡಲಿ ಅಂತ ಕೊಡುತ್ತಾನೆ. ಅವನು ಮನೆಯವನೊಬ್ಬನಿಗೆ ಹತ್ತಲು ಬಿಡುತ್ತಾನೆ. ಹತ್ತಿದವನು ಜೋಪಾನವಾಗಿಯೇ ಓಡಿಸಿದರೂ ಕುದುರೆ ಬಿದ್ದು ಗಾಯವಾದರೆ, ಎರವಲು ತಂದವನೇ ಪರಿಹಾರ ಕೊಡಬೇಕು. ಹೇರು ಹೊರಲು ಕೊಟ್ಟ ಕುದುರೆಯನ್ನು ಮೆರವಣಿಗೆಗೆ ಬಿಟ್ಟು ದುಡ್ಡು ಮಾಡಿದ್ದು ಈ ಕಲಮಿಗೆ ಸರಿಯಾಗಿ ಕೂಡುತ್ತದೆ. ತನ್ನದೇ ವಸ್ತುವನ್ನು ಸಾಮಾನ್ಯ ತಿಳಿವಳಿಕೆಯವನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು ಅನ್ನುವುದು 151. ಆದರೆ 150ನ್ನೂ ಓದಿಕೊಳ್ಳಿ. ಗೊತ್ತಿರುವ ದೋಷವನ್ನು ಕೊಡುವವನು ಮೊದಲೇ ಹೇಳಬೇಕು. ಅಲ್ಲಿಯ ಉದಾಹರಣೆಯೂ ಕುದುರೆಯೇ, ಮುಚ್ಚಿಟ್ಟ ತುಂಟ ಕುದುರೆ. ನೀವು ಮಹಾರಾಷ್ಟ್ರ, ಅವರು ಕರ್ನಾಟಕ, ಅದೇನೂ ಅಡ್ಡಿಯಿಲ್ಲ. ಕಾಯ್ದೆ ಎರಡೂ ಕಡೆ ಒಂದೇ. ವೈದ್ಯರ ಚೀಟಿ ಮರಾಠಿಯಲ್ಲಿದ್ದರೂ ನಡೆಯುತ್ತದೆ.

ಕೋರ್ಟಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಬಾಯಿ ಮುಚ್ಚಿಕೊಂಡು ಇರಿ ಅಂತಲೂ ಹೇಳುವುದಿಲ್ಲ. ಮುಚ್ಚಿದ ಬಾಯಿ ಸೀಮಂತದಲ್ಲೋ ತೊಟ್ಟಿಲು ಹಾಕುವ ದಿನವೋ ಹತ್ತು ಜನರ ಮುಂದೆ ತೆರೆದುಕೊಳ್ಳುತ್ತದೆ. ಅದು ಇನ್ನೂ ಕೆಟ್ಟದ್ದು. ಮಗಳ ಕೈಯಲ್ಲಿ ಮಾತು ಕಳಿಸಬೇಡಿ. ಅಳಿಯನನ್ನೂ ನಡುವೆ ಎಳೆಯಬೇಡಿ. ಎರಡೂ ಮನೆಗೆ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ನೀವೇ ಹೋಗಿ. ಚಹಾ ಕುಡಿಯಿರಿ. ಹಲ್ಲಿನ ಮಾತು ಮೊದಲು ನೀವೇ ಎತ್ತಿ: "ನಾನು ಹೇಳಬೇಕಿತ್ತು, ಹೇಳಲಿಲ್ಲ." ಆಮೇಲೆ ಗೊರಸಿನ ಫೋಟೋ ಮುಂದಿಡಿ.

ಲೆಕ್ಕ ನನ್ನನ್ನು ಕೇಳಿದರೆ ಹೀಗೆ. ಹಲ್ಲು ಉಜ್ಜಿಸುವ ಖರ್ಚು ನಿಮ್ಮದು. ಹುಣ್ಣಿನ ಮದ್ದು, ಲಾಳ, ಗೊರಸು ಕೆತ್ತಿಸುವ ಖರ್ಚು ಅವರದು. ಮೇವು ಅರ್ಧರ್ಧ. ಮೆರವಣಿಗೆಯ ಬಾಡಿಗೆಯನ್ನು ಆ ಹುಡುಗನೇ ತಂದು ಕೊಡಲಿ, ಅವನ ದೊಡ್ಡಪ್ಪ ಅಲ್ಲ. ದುಡ್ಡು ಕೊಡದೆ ಒಂದು ಗಾಡಿ ಕುದುರೆ ಮಸಾಲೆ ಕಳಿಸುತ್ತೇವೆ ಅಂದರೆ ಒಪ್ಪಿಕೊಳ್ಳಿ.

ನಮ್ಮಪ್ಪ ಒಮ್ಮೆ ಬಿತ್ತನೆಗೆ ಪಕ್ಕದೂರಿನಿಂದ ಎತ್ತು ತಂದಿದ್ದರು. ಹೆಗಲು ಕೆತ್ತಿತು. ಅಜ್ಜಿ ಅದನ್ನು ವಾಪಸು ಕಳಿಸಲು ಬಿಡಲಿಲ್ಲ. ಎಂಟು ದಿನ ಅರಿಸಿನ, ಎಣ್ಣೆ ಹಚ್ಚಿ, ಹಿಂಡಿ ತಿನ್ನಿಸಿ, ಮೈ ತೊಳೆದು ಆಮೇಲೆ ಕಳಿಸಿದಳು. ಹೆಗಲಿನ ಗಾಯದ ವಿಷಯ ಮುಚ್ಚಿಡಲಿಲ್ಲ. ಅಪ್ಪನನ್ನೇ ಹೇಳಿ ಬಾ ಅಂತ ಕಳಿಸಿದಳು. ಅಪ್ಪ ಬೈಸಿಕೊಂಡು ಬಂದರು, ಮುಂದಿನ ವರ್ಷ ಎತ್ತೂ ಸಿಕ್ಕಿತು. ನಿಮ್ಮ ಬೀಗರು ರಾತ್ರಿ ತಂದು ಕಟ್ಟಿ ಹೋದರೋ ಹಗಲಲ್ಲೋ, ನೀವು ಬರೆದಿಲ್ಲ. ನನಗೆ ಅದೊಂದು ಕುತೂಹಲ.

ಚಂದ್ರಿ ಗಿಡ್ಡ ಕಾಲಿನ ಗಟ್ಟಿ ಜಾತಿ ಅಂತ ಬರೆದಿದ್ದೀರಿ. ಭೀಮಾ ತೀರದ ಭೀಮಥಡಿ ಇರಬೇಕು. ಮರಾಠಾ ದಂಡಿನಲ್ಲಿ ಓಡಿದ, ಈಗ ಕುರಿಗಾರರ ಹೇರು ಹೊರುವ ಈ ಕುದುರೆ ದೇಶದ ನೋಂದಾಯಿತ ತಳಿಗಳ ಪಟ್ಟಿಗೂ ಸೇರಿದೆ. ಬೇಗ ಚೇತರಿಸಿಕೊಳ್ಳುತ್ತಾಳೆ. ಹುಣ್ಣು ಮಾಯ್ದ ಜಾಗದಲ್ಲಿ ಬಿಳಿ ಕೂದಲು ಬರಬಹುದು, ಅದು ಹೋಗುವುದಿಲ್ಲ.

ಗೊರಸಿನ ಗೆರೆ ಮಾತ್ರ ಉಳಿಯುವುದಿಲ್ಲ. ದಿನಾ ಕೆಳಗೆ ಇಳಿಯುತ್ತಿದೆ. ದಸರೆ, ದೀಪಾವಳಿ ಹೊತ್ತಿಗೆ ನೆಲ ಮುಟ್ಟಿ ಲಾಳ ಬಡಿಯುವವನ ಕತ್ತಿಗೆ ಸಿಕ್ಕಿ ಉದುರಿ ಹೋಗುತ್ತದೆ. ಅದಕ್ಕೇ ಟೇಪು ಹಿಡಿದು, ತಾರೀಕು ಕಾಣುವ ಹಾಗೆ, ನಾಲ್ಕೂ ಗೊರಸಿನ ಫೋಟೋ ಇವತ್ತೇ ತೆಗೆದಿಡಿ.