ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರು ಗುಂಡೇಟಿಗಿಂತ ಕಾಯಿಲೆಯಿಂದ ಜಾಸ್ತಿ ಸತ್ತಿದ್ದೇಕೆ?

ಹಳ್ಳಿಯ ಹುಡುಗರನ್ನು ಸಾವಿರಗಟ್ಟಲೆ ಒಂದೇ ಶಿಬಿರಕ್ಕೆ ತುಂಬಿದ್ದರು, ಆ ಶಿಬಿರವೋ ಕೊಳಕು. ಮುಖ್ಯ ಕಾರಣ ಇದೇ. 1861ರಿಂದ 1865ರವರೆಗಿನ ಆ ಯುದ್ಧದಲ್ಲಿ ಸತ್ತ ಸೈನಿಕರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಕಾಯಿಲೆಯಿಂದಲೇ ಸತ್ತರು.

ಸೈನಿಕರಲ್ಲಿ ಬಹಳ ಮಂದಿ ರೈತರ ಮಕ್ಕಳು. ಪಕ್ಕದ ಮನೆಯೇ ದೂರ ಇರುವಂಥ ಕಡೆ ಬೆಳೆದವರು. ಅವರಲ್ಲಿ ಎಷ್ಟೋ ಜನರಿಗೆ ಚಿಕ್ಕಂದಿನಲ್ಲಿ ದಡಾರ ಬಂದೇ ಇರಲಿಲ್ಲ. ಅದು ಒಮ್ಮೆ ಬಂದು ಹೋದರೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಅಲ್ವಾ? ಹಾಗಾಗಿ ಪಟ್ಟಣದ ಹುಡುಗರು ತಡೆದುಕೊಂಡರು. ಹೊಲದಲ್ಲಿ ದುಡಿದು ಗಟ್ಟಿಮುಟ್ಟಾಗಿದ್ದವರೇ ಸೇನೆ ಸೇರಿದ ಮೊದಲ ತಿಂಗಳುಗಳಲ್ಲಿ ಮಲಗಿಬಿಟ್ಟರು.

ಆದರೆ ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡಿದ್ದು ಭೇದಿ. ಕಕ್ಕಸು ಗುಂಡಿಗಳು ಎಷ್ಟೋ ಕಡೆ ಕುಡಿಯುವ ನೀರಿನ ಹತ್ತಿರವೇ ಇದ್ದವು. ಅಲ್ಲಿವರೆಗೂ ಹೋಗದೆ ಸಿಕ್ಕಲ್ಲಿ ಕೂರುವವರೂ ಇದ್ದರು. ಟೈಫಾಯ್ಡ್ ಹರಡಿದ್ದೂ ಹೀಗೇ. ಊಟಕ್ಕೆ ಕಲ್ಲಿನಂಥ ಬಿಸ್ಕತ್ತು, ಉಪ್ಪು ಹಾಕಿದ ಹಂದಿ ಮಾಂಸ, ಕಾಫಿ. ತರಕಾರಿ ಅಪರೂಪ. ಕಾಫಿಗೆ ನೀರು ಕುದಿಸುತ್ತಿದ್ದರಲ್ಲ, ಅದೊಂದೇ ಸ್ವಲ್ಪ ಕಾಪಾಡಿರಬೇಕು.

ರೋಗಾಣುಗಳಿಂದ ಕಾಯಿಲೆ ಬರುತ್ತದೆ ಎಂಬುದು ಆಗಿನ ವೈದ್ಯರಿಗೆ ಗೊತ್ತಿರಲಿಲ್ಲ. ಕೆಟ್ಟ ಗಾಳಿಯೇ ಕಾರಣ ಎಂದು ಬಹಳಷ್ಟು ಮಂದಿ ನಂಬಿದ್ದರು. ಭೇದಿಯಾದವನಿಗೆ ಕ್ಯಾಲೊಮೆಲ್ ಎಂಬ ಪಾದರಸದ ಔಷಧಿ ಕೊಡುತ್ತಿದ್ದರು. ಅದು ಮತ್ತಷ್ಟು ಭೇದಿ ಮಾಡಿಸುವಂಥದ್ದು! 1863ರಲ್ಲಿ ಉತ್ತರದ ಸೇನೆಯ ಮುಖ್ಯ ವೈದ್ಯಾಧಿಕಾರಿ ವಿಲಿಯಂ ಹ್ಯಾಮಂಡ್ ಅದನ್ನು ಔಷಧಿ ಪಟ್ಟಿಯಿಂದ ತೆಗೆದುಹಾಕಿದಾಗ, ಸಿಟ್ಟಾಗಿದ್ದು ಅವರ ಕೈಕೆಳಗಿನ ವೈದ್ಯರೇ.