ಹೊಸ ಜಿಟಿ3: ಈಗಲೇ ಬೇಡ, ಸ್ವಲ್ಪ ಕಾಯಿರಿ

ದಿನಾ ಆಫೀಸಿಗೂ ಓಡಿಸಬೇಕು, ಹೊಸ ಪೋರ್ಷೆ 911 ಜಿಟಿ3 ಈಗಲೇ ತಗೊಳ್ಳಲಾ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಬೇಡ, ಕಾಯಿರಿ. ಇಂಜಿನ್ ಬಗ್ಗೆ ಎರಡು ಮಾತಿಲ್ಲ: 4 ಲೀಟರ್, ಟರ್ಬೊ ಇಲ್ಲ, 510 ಪಿಎಸ್ ಶಕ್ತಿ, ಇಂಜಿನ್ ಸುತ್ತು ತೋರಿಸೋ ಮುಳ್ಳು 9,000 ಆರ್‌ಪಿಎಂ ತನಕ ಏರುತ್ತೆ. ಆದರೆ ಆ ಮಜಾ ಇರೋದೇ ಮುಳ್ಳು ಮೇಲೆ ಹೋದಾಗ, ಟ್ರಾಫಿಕ್‌ನಲ್ಲಿ ಮೊದಲನೇ ಗೇರಲ್ಲಿ ತೆವಳುವಾಗ ಅದು ಎಲ್ಲಿ ಸಿಗುತ್ತೆ ಹೇಳಿ? ಸಸ್ಪೆನ್ಷನ್ ತುಂಬಾ ಗಟ್ಟಿ, ರಸ್ತೆಯ ಸಣ್ಣ ಗುಂಡಿಯೂ ನೇರ ಸೊಂಟಕ್ಕೆ ಬಡಿಯುತ್ತೆ, ಹಂಪ್ ಬಂದಾಗೆಲ್ಲ ಬಂಪರ್ ತಳ ಉಜ್ಜುತ್ತಾ ಅಂತ ಜೀವ ಕೈಲಿ ಹಿಡ್ಕೊಂಡಿರಬೇಕು. ತಿಂಗಳಿಗೊಮ್ಮೆಯಾದರೂ ರೇಸ್ ಟ್ರ್ಯಾಕ್‌ಗೆ ಹೋಗ್ತೀರಾ? ಹಾಗಾದರೆ ಕಣ್ಮುಚ್ಚಿ ತಗೊಳ್ಳಿ, ಮುಂಭಾಗ ಎತ್ತುವ ಲಿಫ್ಟ್ ಮಾತ್ರ ಮರೆಯದೆ ಹಾಕಿಸಿ. ಇಲ್ಲಾಂದ್ರೆ 911ರದ್ದೇ ಇನ್ನೊಂದು ಮಾದರಿ ಕರೇರಾ ಎಸ್ ಒಂದು ಸಲ ಓಡಿಸಿ ನೋಡಿ, ದಿನದ ಓಡಾಟಕ್ಕೆ ಅದೇ ಜಾಸ್ತಿ ಇಷ್ಟ ಆಗಬಹುದು.