‘ಗೃಹಿಣಿ’ ಎಂದಷ್ಟೇ ಬರೆದ ತಪ್ಪಿಗೆ

ಓದುಗರ ಪತ್ರ: ಕಳೆದ ಸಂಚಿಕೆಯ ನಿಧನ ವಾರ್ತೆಯಲ್ಲಿ ನಮ್ಮ ಅತ್ತೆಯವರನ್ನು ‘ಗೃಹಿಣಿ’ ಎಂದಷ್ಟೇ ಬರೆದಿದ್ದೀರಿ. ಮೂವತ್ತೈದು ವರ್ಷ ಹಲಸಿನ ಹಪ್ಪಳದ ವ್ಯಾಪಾರ ನಡೆಸಿದವರು ಅವರು. ಆ ಪದ ತೆಗೆದು ‘ಉದ್ಯಮಿ’ ಎಂದು ತಿದ್ದುಪಡಿ ಹಾಕಿ. – ಓದುಗರು, ಪೆರ್ಲ (ಕಾಸರಗೋಡು)

ಸಂಪಾದಕರ ಉತ್ತರ: ಪ್ರಿಯ ಸಹೋದರಿ, ತಪ್ಪು ನಮ್ಮದೇ, ಕ್ಷಮಿಸಿ. ನಿಧನ ವಾರ್ತೆಗೆ ನಮ್ಮಲ್ಲೊಂದು ಅಚ್ಚು ಕೂತುಬಿಟ್ಟಿದೆ. ಗಂಡಸಾದರೆ ಪ್ರಗತಿಪರ ಕೃಷಿಕ, ವ್ಯಾಪಾರಿ, ನಿವೃತ್ತ ಶಿಕ್ಷಕ. ಹೆಂಗಸಾದರೆ ಇಂಥವರ ಪತ್ನಿ, ಗೃಹಿಣಿ. ಪುಟ ಅಚ್ಚಿಗೆ ಹೋಗುವ ಮೊದಲು ನಾನೂ ಓದಿದ್ದೆ. ಪ್ರತಿ ಮಳೆಗಾಲ ನಮ್ಮ ಮನೆಯ ಡಬ್ಬಿ ತುಂಬುತ್ತಿದ್ದ ಹಪ್ಪಳ ಇವರದೇ ಎಂದು ಹೊಳೆಯಲೇ ಇಲ್ಲ.

ನಿಮ್ಮ ಪತ್ರ ತಲುಪಿ ಮನೆಗೆ ಬಂದಾಗ ನೀವು ತೋರಿಸಿದ ಲೆಕ್ಕದ ಪುಸ್ತಕ ಇನ್ನೂ ಕಣ್ಣಲ್ಲೇ ಇದೆ. ಮಕ್ಕಳ ಕಾಪಿ ಪುಸ್ತಕ, ರಟ್ಟಿನ ಮೇಲೆ ಹಲಸಿನ ಮೇಣದ ಕಪ್ಪು ಕಲೆ. ಎಡಕ್ಕೆ ಹಪ್ಪಳ ಒತ್ತಲು ಬರುತ್ತಿದ್ದ ನೆರೆಕರೆಯ ಹೆಂಗಸರ ಹೆಸರು, ಬಲಕ್ಕೆ ಐವತ್ತರ ಕಟ್ಟಿಗೊಂದು ಗೀಟು. ನಡುನಡುವೆ ‘ಮಗಳ ಪುಸ್ತಕಕ್ಕೆ ಮುಂಗಡ’, ‘ಆಸ್ಪತ್ರೆಗೆ ಕೊಟ್ಟದ್ದು’. ಹಲವು ಸಾಲುಗಳ ಮೇಲೆ ಗೆರೆ ಎಳೆದಿತ್ತು. ದುಡ್ಡು ಮರಳಿ ಬಂತೋ, ಬಿಟ್ಟುಕೊಟ್ಟರೋ ಎಂದು ಕೇಳಿದೆ. ‘ಅದು ಅತ್ತೆಗೇ ಗೊತ್ತು’ ಎಂದಿರಿ. ಕೇರಳದಲ್ಲಿ ಹೆಂಗಸರ ಉಳಿತಾಯ, ಸಾಲದ ನೆರೆಕರೆ ಕೂಟಗಳ ಸರಕಾರಿ ಯೋಜನೆ ಕುಟುಂಬಶ್ರೀ ಶುರುವಾದದ್ದು 1998ರಲ್ಲಿ. ಅದಕ್ಕೂ ಮೊದಲೇ ನಿಮ್ಮ ಚಾವಡಿಯಲ್ಲಿ ಒಂದು ಸಣ್ಣ ಬ್ಯಾಂಕು ನಡೆಯುತ್ತಿತ್ತು ಅಂದಹಾಗಾಯಿತು.

ತಿನ್ನುವವರಿಗೆ ಹಪ್ಪಳದ ಕಷ್ಟ ತಿಳಿಯುವುದಿಲ್ಲ. ಕಾಯಿ ಎಳತೂ ಆಗಬಾರದು, ಹಣ್ಣಿಗೂ ತಿರುಗಬಾರದು. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸೊಳೆ ಬಿಡಿಸಿ, ಬೇಳೆ ತೆಗೆದು, ಹಬೆಯಲ್ಲಿ ಬೇಯಿಸಿ, ಉಪ್ಪು ಮೆಣಸು ಜೀರಿಗೆ ಹಾಕಿ ರುಬ್ಬಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತಿ, ಚಾಪೆಯಲ್ಲಿ ಒಣಗಿಸಬೇಕು. ಎಲ್ಲವೂ ಪತ್ತನಾಜೆಯೊಳಗೆ, ಅಂದರೆ ಮೇ ತಿಂಗಳ ಕೊನೆಗೆ ಬರುವ ತುಳುವರ ಆ ದಿನದೊಳಗೆ, ಮುಗಿಯಬೇಕು, ಆಮೇಲೆ ಬಿಸಿಲನ್ನು ನಂಬುವ ಹಾಗಿಲ್ಲ. ಅದೇ ದಿನಗಳಲ್ಲಿ ಹಟ್ಟಿಯ ಹಸು, ಹಾಸಿಗೆ ಹಿಡಿದ ಮಾವನ ಗಂಜಿ, ರಜೆಗೆ ಬಂದ ನೆಂಟರು. ಒಲೆ ಒಂದೇ.

ಅದಕ್ಕೇ ನಿಮ್ಮ ಒಂದು ಮಾತನ್ನು ಒಪ್ಪಲಾರೆ. ‘ಗೃಹಿಣಿ’ ಎಂಬುದನ್ನು ತೆಗೆಯುವುದು ಬೇಡ. ಮನೆವಾರ್ತೆಯನ್ನಷ್ಟೇ ನೋಡಿಕೊಳ್ಳುವವರನ್ನು ನಮ್ಮ ಜನಗಣತಿ ‘ಕೆಲಸ ಮಾಡದವರು’ ಎಂಬ ಗುಂಪಿಗೆ ಸೇರಿಸುತ್ತದೆ. ಪದದ ಬೆಲೆ ಇಳಿಸಿದ್ದು ಇಂಥ ಲೆಕ್ಕಗಳು, ನಮ್ಮಂಥ ಪತ್ರಿಕೆಗಳೂ ಸೇರಿ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಹಪ್ಪಳ ಮಾಡಿದರು. ಅದೇ ಇವತ್ತಿನ ಲಿಜ್ಜತ್. ಅವರು ಮನೆ ತೊರೆದು ಉದ್ಯಮಿಗಳಾದವರಲ್ಲ. ನಿಮ್ಮ ಅತ್ತೆಯವರೂ ಅಷ್ಟೆ.

ಈ ಸಂಚಿಕೆಯ ನಿಧನ ವಾರ್ತೆಯ ಪುಟದಲ್ಲಿ, ಮೊದಲಿನಷ್ಟೇ ದೊಡ್ಡ ಚೌಕಟ್ಟಿನಲ್ಲಿ, ‘ಗೃಹಿಣಿ, ಹಲಸಿನ ಹಪ್ಪಳದ ಉದ್ಯಮಿ’ ಎಂದು ಮತ್ತೆ ಹಾಕಿದ್ದೇವೆ. ಇನ್ನು ಹೆಂಗಸರ ವಿವರ ಬಂದಾಗಲೂ ‘ಏನು ಮಾಡಿಕೊಂಡಿದ್ದರು?’ ಎಂದು ತಪ್ಪದೆ ಕೇಳುತ್ತೇವೆ. ಲೆಕ್ಕದ ಪುಸ್ತಕದಲ್ಲಿ ಹೆಸರಿರುವ ಹೆಂಗಸರು ನಿಮ್ಮ ಅತ್ತೆಯವರ ಬಗ್ಗೆ ನಾಲ್ಕು ಮಾತು ಹೇಳುವುದಾದರೆ ತಿಳಿಸಿ, ನಾನೇ ಬಂದು ಬರೆದುಕೊಳ್ಳುತ್ತೇನೆ. ತುಳುವಾದರೂ ಸರಿ, ಮಲಯಾಳವಾದರೂ ಸರಿ. ಪುಸ್ತಕವನ್ನು ಅಟ್ಟದಲ್ಲಿಡಬೇಡಿ, ಗೆದ್ದಲು ಹಿಡಿದೀತು.